ಬೊಗಳಿದ್ದು ಕೇಳಿಸಿತ್ತು

ಆ ರಾತ್ರಿ ನಾಯಿ ಬೊಗಳಿದ್ದು ನನಗೆ ಕೇಳಿಸಿತ್ತು. ಇದನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿಲ್ಲ. ಮರುದಿನ ಪೊಲೀಸರು ಬಂದು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿದಾಗ ನಾನೂ ಎಲ್ಲರ ಹಾಗೆ "ಇಲ್ರೀ ಸರ್, ಏನೂ ಗೊತ್ತಾಗ್ಲಿಲ್ಲ" ಅಂದೆ. ಗೊತ್ತಾಗಲಿಲ್ಲ ಅನ್ನೋದು ಸುಳ್ಳಲ್ಲ. ಆದರೆ ಕೇಳಿಸಿತ್ತು. ಎರಡೂವರೆ ಇರಬೇಕು, ನೀರು ಕುಡಿಯಲು ಎದ್ದಿದ್ದೆ. ಮೂರು ಮನೆ ಆಚೆ ಆ ರಾಟ್‌ವೀಲರ್ ಗಂಟಲು ಹರಿಯೋ ಹಾಗೆ ಬೊಗಳುತ್ತಿತ್ತು. "ಇದರದು ದಿನಾ ಇದೇ ಗೋಳಾಯ್ತು" ಅಂದುಕೊಂಡು ಕಿಟಕಿ ಮುಚ್ಚಿದೆ. ಮಗ್ಗುಲು ಬದಲಿಸಿ ಮಲಗಿದೆ. ಬೆಳಿಗ್ಗೆ ಹಾಲಿನವನು ಬಂದು ಹೇಳಿದಾಗಲೇ ವಿಷಯ ತಿಳಿದದ್ದು.

ಆ ಮನೆಯವರು ತಿರುಪತಿಗೆ ಹೋಗಿದ್ದರು. ಕಳ್ಳರು ಮುಂಬಾಗಿಲ ಕೊಂಡಿ ಮುರಿದು ಒಳಗೆ ಹೋಗಿ, ಬೀರು ಒಡೆದು, ಅಡುಗೆಮನೆಯಲ್ಲಿದ್ದ ಹುರಿಗಡಲೆ ಡಬ್ಬಿಯನ್ನೂ ಬಿಡದೆ ತಡಕಾಡಿ ಹೋಗಿದ್ದರು. ನಾಯಿ ಹಿತ್ತಲಲ್ಲಿತ್ತು. ಮೆಟ್ಟಿಲ ಕೆಳಗಿನ ಕಬ್ಬಿಣದ ಪೈಪಿಗೆ ಕಟ್ಟಿದ್ದ ಸರಪಳಿ ನಾಲ್ಕು ಅಡಿ ಇತ್ತೇನೋ. ಬೆಳಿಗ್ಗೆ ಸಂಜೆ ಒಬ್ಬ ಹುಡುಗ ಬಂದು ಅನ್ನ ಹಾಕಿ ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಅದು ಒಂಟಿ. ಮನೆಯವರು ಊರಲ್ಲಿದ್ದಾಗಲೂ ಹೆಚ್ಚುಕಡಿಮೆ ಹಾಗೇ. ಅದಕ್ಕೇ ದಿನಾ ರಾತ್ರಿ ಬೊಗಳುತ್ತಿತ್ತು. ಹಲ್ಲಿಗೆ, ಗಾಳಿಗೆ, ಬಳ್ಳಾರಿ ಜಾಲಿಯ ಪೊದೆಯಲ್ಲಿ ಓಡಾಡೋ ಹಂದಿಗೆ, ಸುಮ್ನೆ. ಮೊದಲ ವಾರ ನಾವೆಲ್ಲ ಎದ್ದು ಲೈಟ್ ಹಾಕಿ ನೋಡಿದ್ದೆವು. ಎರಡನೇ ವಾರ ಬೈದೆವು. ಮೂರನೇ ವಾರದ ಹೊತ್ತಿಗೆ ಅದರ ದನಿ ನಮಗೆ ರೈಲಿನ ಸದ್ದಿನ ಹಾಗೆ, ಇದ್ದೂ ಇಲ್ಲದಂತೆ ಆಗಿಹೋಗಿತ್ತು. 'ತೋಳ ಬಂತು ತೋಳ' ಕತೆಯಲ್ಲಿ ಹುಡುಗನಾದರೂ ಸುಳ್ಳು ಹೇಳಿದ್ದ. ಈ ನಾಯಿ ಸುಳ್ಳನ್ನೂ ಹೇಳಿರಲಿಲ್ಲ. ಅಷ್ಟು ದಿನ ಕೂಗಿದ್ದು ತನ್ನ ಕಷ್ಟಕ್ಕೆ, ಅವತ್ತು ಕೂಗಿದ್ದು ಮನೆಯವರ ಕಷ್ಟಕ್ಕೆ. ನಮಗೆ ಎರಡೂ ಒಂದೇ ಥರ ಕೇಳಿಸಿತು.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿದ್ದೇನು ಗೊತ್ತಾ? ನಮ್ಮ ಮನೆಗೂ ಒಂದು ನಾಯಿ ತರಬೇಕು ಅಂತ ತೀರ್ಮಾನ ಮಾಡಿದೆ.

ಎಲ್ಲರ ಬಾಯಲ್ಲೂ ಒಂದೊಂದು ಬ್ರೀಡು

ನಮ್ಮದು ಬಳ್ಳಾರಿಯಲ್ಲಿ ಸಂಗನಕಲ್ಲು ಕಡೆಯ ಹೊಸ ಲೇಔಟು. ಹತ್ತು ಸೈಟಿಗೆ ನಾಲ್ಕು ಮನೆ, ಉಳಿದದ್ದೆಲ್ಲ ಜಾಲಿ. ನನಗೆ ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸ. ಸಿ ಶಿಫ್ಟ್ ಬಿದ್ದ ವಾರ ರಾತ್ರಿಯೆಲ್ಲ ಮನೆಯಲ್ಲಿ ಅವ್ವ, ಹೆಂಡತಿ, ಮಗಳು ಮೂವರೇ. ಹಗಲಲ್ಲಿ ಹೆಂಡತಿ ಶಾಲೆಗೆ ಪಾಠಕ್ಕೆ ಹೋಗುತ್ತಾಳೆ, ಮಗಳು ಓದಲಿಕ್ಕೆ, ಆಗ ಅವ್ವ ಒಬ್ಬಳೇ. ಕಳ್ಳತನ ಆದಮೇಲೆ ಸಿ ಶಿಫ್ಟಿನ ಬಸ್ ಹತ್ತೋವಾಗ ಹೊಟ್ಟೆಯಲ್ಲಿ ಒಂಥರಾ ಆಗೋದು.

ಶಿಫ್ಟ್ ಬಸ್ಸಿನಲ್ಲಿ ಒಮ್ಮೆ "ನಾಯಿ ತರಬೇಕು ಅಂತಿದೀನಿ" ಅಂದೆ ನೋಡಿ, ಕುಡುತಿನಿ ದಾಟೋದರೊಳಗೆ ಆರು ಬ್ರೀಡಿನ ಹೆಸರು ಬಂದವು. ಒಬ್ಬ ಡಾಬರ್‌ಮನ್ ಅಂದ. ಒಬ್ಬ ಜರ್ಮನ್ ಶೆಫರ್ಡ್ ಬಿಟ್ಟರೆ ನಾಯೇ ಅಲ್ಲ ಅಂದ. ತಮಿಳುನಾಡಿನ ಕಡೆಯ ಗೆಳೆಯನೊಬ್ಬ ರಾಜಪಾಳಯಂ ತಗೋ, ಮನೆಯವರನ್ನ ಬಿಟ್ಟು ಯಾರನ್ನೂ ಗೇಟಿನ ಹತ್ತಿರ ಬಿಡಲ್ಲ ಅಂದ. ಹಿಂದಿನ ಸೀಟಿನಿಂದ ಯಾರೋ ಪಿಟ್‌ಬುಲ್ ಅಂದರು. ಲ್ಯಾಬ್ರಡಾರ್ ಅಂತ ನಾನೇ ಮೆಲ್ಲಗೆ ಅಂದೆ, ಯಾಕಂದರೆ ಹೆಂಡತಿಯ ಆಸೆ ಅದು. ಬಸ್ಸೆಲ್ಲ ನಕ್ಕಿತು. "ಲ್ಯಾಬ್ ತಗೊಂಡ್ರ ಕಳ್ಳಗ ಬ್ಯಾಟ್ರಿ ಹಿಡಿದು ದಾರಿ ತೋರಿಸ್ತೈತಿ" ಅಂತ ಡ್ರೈವರ್ ಸೇರಿಸಿದ. ಒಬ್ಬರೂ ನಿನ್ನ ಮನೆಯಲ್ಲಿ ಯಾರ್ಯಾರಿದ್ದಾರೆ, ಅದಕ್ಕೆ ಅನ್ನ ಹಾಕೋರು ಯಾರು ಅಂತ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಬೈಕು ತಗೊಳ್ಳೋವಾಗ ಮೈಲೇಜು, ಸಿಸಿ ನೋಡ್ತೀವಲ್ಲ, ಹಾಗೇ ಫೋನಿನಲ್ಲಿ ನಾಯಿಗಳ ಎತ್ತರ ತೂಕ ನೋಡುತ್ತ ಕೂತೆ. ಕ್ಯಾಂಟೀನಿನಲ್ಲಿ ಒಗ್ಗಾಣಿ ಮಿರ್ಚಿ ಆರಿ ತಣ್ಣಗಾದರೂ ಗೊತ್ತಾಗುತ್ತಿರಲಿಲ್ಲ.

ಓದಿದ್ದರಲ್ಲಿ ಒಂದೆರಡು ಸಂಗತಿ ತಲೆಯಲ್ಲಿ ಉಳಿದವು. ಡಾಬರ್‌ಮನ್ ತಳಿ ಮಾಡಿದ್ದು ಜರ್ಮನಿಯ ಆಪೋಲ್ಡಾ ಅನ್ನೋ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಒಬ್ಬ ಮನುಷ್ಯ. ಅವನ ಅಡ್ಡಹೆಸರೇ ನಾಯಿಯ ಹೆಸರಾಯಿತು. ದುಡ್ಡಿನ ಚೀಲ ಹಿಡಿದು ಊರೂರು ತಿರುಗೋನಿಗೆ ಪಕ್ಕದಲ್ಲೇ ಇರೋ ನಾಯಿ ಬೇಕಿತ್ತು. ಅಂದರೆ ಅದು ಯಜಮಾನನ ಕಾಲಿಗೆ ಅಂಟಿಕೊಂಡೇ ಇರಬೇಕಾದ ಜಾತಿ. ನಾವು ಅದನ್ನು ತಂದು ಹಿತ್ತಲಲ್ಲಿ ಕಟ್ಟುತ್ತೇವೆ. ಜರ್ಮನ್ ಶೆಫರ್ಡ್ ಕೂಡ ಹೆಸರೇ ಹೇಳೋ ಹಾಗೆ ಕುರಿ ಕಾಯೋ ನಾಯಿ. 1899ರಲ್ಲಿ ಒಬ್ಬ ಸೈನ್ಯಾಧಿಕಾರಿ ಅದನ್ನು ತಳಿಯಾಗಿ ದಾಖಲು ಮಾಡಿದ. ದಿನವಿಡೀ ಕೆಲಸ ಮಾಡಬೇಕು ಅದಕ್ಕೆ. ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಸಾಮಾನ್ಯವಾಗಿ ನಿಮ್ಮ ಸೋಫಾದಲ್ಲಿ.

ರಾಟ್‌ವೀಲರ್ ಬೇಡ ಅಂತ ಬೇಗ ನಿರ್ಧಾರ ಆಯಿತು. ನೆರೆಮನೆಯದನ್ನು ನೋಡಿ ಮನಸ್ಸು ಮುರಿದಿತ್ತು ಅನ್ನೋದು ಒಂದು. ಇನ್ನೊಂದು, 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ಬ್ರೀಡುಗಳನ್ನು ಸಾಕಬಾರದು, ಮಾರಬಾರದು ಅಂತ ಸುತ್ತೋಲೆ ಹೊರಡಿಸಿತ್ತಲ್ಲ, ಆ ಪಟ್ಟಿಯಲ್ಲಿ ರಾಟ್‌ವೀಲರ್ರೂ ಇತ್ತು, ಪಿಟ್‌ಬುಲ್ಲೂ ಇತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ನಮ್ಮ ಹೈಕೋರ್ಟ್ ಏಪ್ರಿಲ್ 10ಕ್ಕೆ ಅದನ್ನು ರದ್ದು ಮಾಡಿತು. ಹಾಗಾಗಿ ಆ ಸುತ್ತೋಲೆಯ ಅಡ್ಡಿ ಇರಲಿಲ್ಲ. ಆದರೂ ನಮ್ಮ ಮನೆಗೆ ಗ್ಯಾಸಿನವನು ಬರುತ್ತಾನೆ, ಕೊರಿಯರ್ ಹುಡುಗರು ಬರುತ್ತಾರೆ, ಅವ್ವನ ಹತ್ತಿರ ಮೊಸರು ಹೆಪ್ಪಿಗೆ ಅಂತ ಬೀದಿಯ ಹೆಂಗಸರೆಲ್ಲ ಬರುತ್ತಾರೆ. ನಮ್ಮ ನಾಯಿ ಯಾರಿಗಾದರೂ ಬಾಯಿ ಹಾಕಿದರೆ, ನಮ್ಮ ಅಲಕ್ಷ್ಯದಿಂದ ಆಯಿತು ಅಂತಾದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಕಟ್ಟಬಹುದು ಬಿಡಿ. ಮೊಸರಿಗೆ ಬಂದ ಹೆಣ್ಣುಮಗಳ ಕಾಲು ಹರಿದರೆ ಆ ಬೀದಿಯಲ್ಲಿ ಮುಖ ಎತ್ತಿ ಓಡಾಡೋದು ಹೇಗೆ?

ಮೈನಿಂಗ್ ಟೈಮಿನ ಸುಲ್ತಾನ್

ದೊಡ್ಡ ನಾಯಿ ಅಂದಾಗೆಲ್ಲ ನನಗೆ ಸುಲ್ತಾನ್ ನೆನಪಾಗುತ್ತದೆ. 2009ರಲ್ಲಿ ನಾನು ಒಬ್ಬ ಲಾರಿ ಮಾಲೀಕರ ಹತ್ತಿರ ಲೆಕ್ಕ ಬರೆಯುತ್ತಿದ್ದೆ. ಮೈನಿಂಗ್ ಟೈಮು, ಅದಿರಿನ ದುಡ್ಡು ಹರಿಯುತ್ತಿದ್ದ ಕಾಲ. ಬಳ್ಳಾರಿಯವರಿಗೆ ಅದರ ಬಗ್ಗೆ ಹೇಳೋದು ಏನೂ ಇಲ್ಲ. ಮನೆ, ಕಾರು ಆದಮೇಲೆ ನಾಯಿಯ ಸರದಿ ಬಂತು. ಒಬ್ಬರು ಗ್ರೇಟ್ ಡೇನ್ ತಂದರೆ ಇನ್ನೊಬ್ಬರಿಗೆ ಅದಕ್ಕಿಂತ ದೊಡ್ಡದು ಬೇಕು. ನಮ್ಮ ಸಾಹುಕಾರರು ಬೆಂಗಳೂರಿನಿಂದ ಸೇಂಟ್ ಬರ್ನಾರ್ಡ್ ತರಿಸಿದರು. ಸ್ವಿಟ್ಜರ್ಲೆಂಡಿನ ಹಿಮದ ಕಣಿವೆಯಲ್ಲಿ ದಾರಿ ತಪ್ಪಿದವರನ್ನು ಹುಡುಕೋ ನಾಯಿ ಅದು. ಅದನ್ನು ಮಾರ್ಚಿನಲ್ಲೇ ಡಾಂಬರು ಮೆತ್ತಗಾಗೋ ಊರಿಗೆ ತಂದು, ಸುಲ್ತಾನ್ ಅಂತ ಹೆಸರಿಟ್ಟು, ಎಸಿ ಹಾಕಿದ ರೂಮಿನಲ್ಲಿ ಇಟ್ಟರು. ನೋಡಿಕೊಳ್ಳಲು ಒಬ್ಬ ಆಳು. ತಿಂಗಳ ಖರ್ಚನ್ನು ನಾನು 'ನಾಯಿ ಖರ್ಚು' ಅಂತ ಬರೆದಿದ್ದೆ. ಸಾಹುಕಾರರು ನೋಡಿ, "ಅದನ್ನ ಟೈರು ರಿಪೇರಿಯೊಳಗ ಹಾಕೋ" ಅಂದರು. ಎರಡು ವರ್ಷ ಸುಲ್ತಾನ್ ಟೈರು ರಿಪೇರಿಯಲ್ಲೇ ಉಂಡ.

ಕರೆಂಟು ಹೋದಾಗ ಜನರೇಟರ್ ಶುರು ಮಾಡೋದು ಎರಡು ನಿಮಿಷ ತಡವಾದರೆ ಆ ಆಳಿಗೆ ಬೈಗುಳ. ನಾನು ಒಮ್ಮೆ ಇಣುಕಿ ನೋಡಿದ್ದೆ. ಸಿಮೆಂಟು ಚೀಲದಷ್ಟು ದಪ್ಪ ತಲೆ, ಕೆಂಪು ಬಿದ್ದ ಕಣ್ಣು. ಜೊಲ್ಲು ಸುರಿದು ಗ್ರಾನೈಟ್ ನೆಲ ಒದ್ದೆ. ನನ್ನ ಕೈ ಮೂಸಿ, ಇಡೀ ತೂಕವನ್ನು ನನ್ನ ಮೊಣಕಾಲಿಗೆ ಒರಗಿಸಿ ನಿಂತಿತು. ಕಾವಲು ಗೀವಲು ಅದಕ್ಕೆ ಗೊತ್ತೇ ಇರಲಿಲ್ಲ. ಬಂದವರಿಗೆಲ್ಲ ಒರಗೋದೇ ಅದರ ಕೆಲಸ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಲಾರಿಗಳು ಬಯಲಲ್ಲಿ ಸಾಲಾಗಿ ನಿಂತವು. ನಾನು ಕೆಲಸ ಬಿಟ್ಟೆ, ಬಾಕಿ ಸಂಬಳಕ್ಕೆ ಅಂತ ಮುಂದಿನ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹೋಗಿದ್ದೆ. ಎಸಿ ರೂಮಿಗೆ ಬೀಗ. ಸುಲ್ತಾನ್ ನೀರಿನ ಟ್ಯಾಂಕಿನ ಕೆಳಗೆ, ಸೋರಿದ ನೀರಿಗೆ ಹಸಿಯಾದ ಮರಳಿನಲ್ಲಿ ಗುಂಡಿ ತೋಡಿಕೊಂಡು ಮಲಗಿತ್ತು. ಯಾರೋ ಕತ್ತರಿಯಲ್ಲಿ ಕೂದಲು ಕತ್ತರಿಸಿದ್ದರು, ಅಲ್ಲಲ್ಲಿ ಬೋಳು, ಅಲ್ಲಲ್ಲಿ ಜಡೆ. ಕಿವಿಯ ಒಳಗೆ ಉಣ್ಣಿ ಹುರುಳಿ ಕಾಳಿನ ಹಾಗೆ ಕಚ್ಚಿಕೊಂಡಿದ್ದವು. ನಾಲಿಗೆ ಪೂರ್ತಿ ಹೊರಗೆ, ಪಕ್ಕೆ ಒಂದೇ ಸಮ ಏರಿಳಿಯುತ್ತಿತ್ತು. ಒಂದು ಗೋಣಿಚೀಲ ಒದ್ದೆ ಮಾಡಿ ಮೈಮೇಲೆ ಹಾಕಿದೆ. ಅದು ಎದ್ದು ಬಂದು ನನ್ನ ಕಾಲಿಗೆ ಒರಗಲು ನೋಡಿತು. ಆಗಲಿಲ್ಲ. ಮೇ ತಿಂಗಳಲ್ಲಿ ಹೋಯಿತಂತೆ. ಸಾಹುಕಾರರು ತುಂಬ ಅತ್ತರು ಅಂತ ಕೇಳಿದೆ, ಅದು ನಿಜವೇ ಇರಬೇಕು, ಅವರು ಕೆಟ್ಟವರಲ್ಲ. ಆ ಮನೆಗೆ ಕಳ್ಳರು ಒಮ್ಮೆಯೂ ಬರಲಿಲ್ಲ. ಬಂದದ್ದು ಫೈನಾನ್ಸಿನವರು, ಹಗಲೊತ್ತಿನಲ್ಲೇ. ಸುಲ್ತಾನ್ ಅವರ ಕಾಲಿಗೂ ಒರಗಿತ್ತಂತೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ಅಂಗಾಲಲ್ಲಿ ಅಷ್ಟಿಷ್ಟು, ಉಳಿದದ್ದೆಲ್ಲ ಏದುಸಿರಲ್ಲೇ ಹೋಗಬೇಕು. ಅದರ ಮೈ ಶಾಖ ಮಾಮೂಲಿಯಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಕುತ್ತು. ಹೊರಗೆ ಗಾಳಿಯೇ 42 ಇದ್ದಾಗ ಏದುಸಿರು ಬಿಟ್ಟು ಎಷ್ಟು ತಣ್ಣಗಾದೀತು? ದಪ್ಪ ತುಪ್ಪಳ ಇರೋವು, ಮೂತಿ ಗಿಡ್ಡ ಇರೋವು ಇನ್ನೂ ಬೇಗ ಸೋಲುತ್ತವೆ. ಜರ್ಮನ್ ಶೆಫರ್ಡ್‌ಗೂ ಎರಡು ಪದರ ಕೂದಲು. ನಮ್ಮ ಲೇಔಟಿಗೆ ನಲ್ಲಿ ನೀರು ಬರೋದೇ ಅಪರೂಪ, ನಾಯಿಗೆ ದಿನಾ ಸ್ನಾನ ಮಾಡಿಸ್ತೀನಿ ಅಂತ ಹೇಳಿದರೆ ಅವ್ವ ನನ್ನನ್ನೇ ಹೊರಗೆ ಹಾಕುತ್ತಾಳೆ.

ಅವ್ವನ ಅಂಗೈ

ಇಷ್ಟಾದರೂ ಜರ್ಮನ್ ಶೆಫರ್ಡ್ ಮೇಲಿನ ಆಸೆ ಹೋಗಲಿಲ್ಲ ನೋಡಿ. ಗೆಳೆಯನೊಬ್ಬನ ಮನೆಯವರು ಮದುವೆಗೆ ಅಂತ ಎರಡು ದಿನ ಊರಿಗೆ ಹೊರಟಿದ್ದರು. ಅವರ ಗಂಡು ನಾಯಿಯನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ತೀನಿ, ಟ್ರಯಲ್ ಆಗಲಿ ಅಂದೆ. ಬಹಳ ಒಳ್ಳೆ ನಾಯಿ. ಕೂತ್ಕೋ ಅಂದರೆ ಕೂತುಕೊಳ್ಳೋದು, ಇಂಗ್ಲಿಷಿನಲ್ಲಿ ಹೇಳಬೇಕು ಅಷ್ಟೇ. ತೂಕ 36 ಕೆಜಿ. ಅವ್ವ 47. ಈ ಲೆಕ್ಕ ನಾನು ಮೊದಲೇ ಮಾಡಬೇಕಿತ್ತು.

ಎರಡನೇ ದಿನ ಬೆಳಿಗ್ಗೆ ನಾನು ಡ್ಯೂಟಿಯಿಂದ ಬಂದು ಮಲಗಿದ್ದೆ. ನಾಯಿ ಗೇಟಿನ ಹತ್ತಿರ ಹೋಗಿ ಕುಂಯ್ ಅಂದಿತು. ಪಾಪ ಹೊರಗೆ ಹೋಗಬೇಕೇನೋ ಅಂತ ಅವ್ವ ಬೆಲ್ಟು ಹಿಡಿದುಕೊಂಡು ಹೊರಟಳು. ಬೆಲ್ಟನ್ನು ಎಮ್ಮೆಯ ಹಗ್ಗದ ಹಾಗೆ ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಎದುರಿಂದ ಆಡಿನ ಮಂದೆ ಬಂತು. ನಾಯಿ ಒಂದೇ ಜಿಗಿತ. ಅವ್ವ ಗೇಟಿಗೆ ಹೋಗಿ ಬಡಿದಳು. ಪುಣ್ಯಕ್ಕೆ ಬೀಳಲಿಲ್ಲ. ಬೆಲ್ಟು ಕೈಯಿಂದ ಜಾರೋವಾಗ ಅಂಗೈಯ ಅಡ್ಡಕ್ಕೆ ಬರೆ ಎಳೆದ ಹಾಗೆ ಚರ್ಮ ಸುಲಿದಿತ್ತು. ಕಿರುಚಾಟ ಕೇಳಿ ನಾನು ಲುಂಗಿ ಕಟ್ಟಿಕೊಳ್ಳುತ್ತ ಓಡಿದೆ. ಆಡಿಗೆ ಏನೂ ಆಗಿರಲಿಲ್ಲ. ನಾಯಿ ಎರಡು ಸುತ್ತು ಹೊಡೆದು ಮಂದೆಯನ್ನು ಒಂದು ಕಡೆ ಸೇರಿಸಿ ನಿಲ್ಲಿಸಿ ನನ್ನ ಮುಖ ನೋಡುತ್ತಿತ್ತು, ಶಾಭಾಶ್ ಅನ್ನಲಿ ಅಂತ. ಅದು ತನ್ನ ಅಜ್ಜ ಮುತ್ತಜ್ಜರ ಕೆಲಸ ಮಾಡಿತ್ತು.

ಸಂಜೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತಿದ್ದೆ. ಅವ್ವ ಅಂಗೈ ಊದಿಕೊಳ್ಳುತ್ತ ಅಂದಳು: "ಯಪ್ಪಾ, ಅದು ನನ್ನ ಕಾಯೋದು ಇರಲಿ, ಅದನ್ನ ನಾನು ಕಾಯಬೇಕಾತು."

ಮರುವಾರ ಪಶು ಆಸ್ಪತ್ರೆಯ ಡಾಕ್ಟರ್ ಹತ್ತಿರ ಹೋದೆ, ಯಾವ ಬ್ರೀಡು ಅಂತ ಕೊನೆಯದಾಗಿ ಕೇಳಿಬಿಡೋಣ ಅಂತ. ಅವರ ಮುಂದೆ ಒಂದು ಮೇಕೆ, ಒಂದು ಲವ್ ಬರ್ಡ್ಸ್ ಪಂಜರ ಕಾಯುತ್ತಿದ್ದವು. ನನ್ನ ಪಟ್ಟಿ ಪೂರ್ತಿ ಕೇಳಲೂ ಇಲ್ಲ. "ಬ್ರೀಡು ಆಮ್ಯಾಲೆ ನೋಡೋಣ್ರೀ. ಮನ್ಯಾಗ ಹಗಲೆಲ್ಲ ಇರೋರು ಯಾರು?" ಅವ್ವ ಅಂದೆ. "ಹಂಗಾದ್ರ ನಾಯಿ ನಿಮ್ಮದಲ್ಲ, ಅವರದು. ಅವರನ್ನ ಕರ್ಕೊಂಡು ಬರ್ರಿ." ಆಮೇಲೆ ಮೇಕೆಯ ಹೊಟ್ಟೆ ಒತ್ತುತ್ತಲೇ ಒಂದು ಮಾತು ಸೇರಿಸಿದರು. ನಿಮಗೆ ಕಚ್ಚೋ ನಾಯಿ ಬೇಕೋ, ಹೇಳೋ ನಾಯಿ ಬೇಕೋ ಅಂತ. ಹೇಳೋದಾದರೆ ಕೇಳೋರು ಇರಬೇಕಲ್ಲ. ನನಗೆ ಕಿಟಕಿ ಮುಚ್ಚಿದ ಆ ರಾತ್ರಿ ಗಕ್ಕನೆ ನೆನಪಾಯಿತು. ಮೂರು ತಿಂಗಳಿನಿಂದ ನಾನು ಫೋನಿನಲ್ಲಿ ಹುಡುಕುತ್ತಿದ್ದದ್ದು ಎಂಥ ನಾಯಿ ತಂದರೆ ನಾನು ನಿಶ್ಚಿಂತೆಯಿಂದ ಮಲಗಬಹುದು ಅಂತ. ಆ ನೆರೆಮನೆಯವರೂ ಹುಡುಕಿದ್ದು ಅದನ್ನೇ.

ಬೇಟೆಯ ಹೆಮ್ಮೆ

ಮುಧೋಳದ ವಿಷಯ ಬರೆಯದಿದ್ದರೆ ಬಾಗಲಕೋಟೆಯ ನೆಂಟರು ಬಿಡೋದಿಲ್ಲ. ನಮ್ಮ ನೆಲದ ನಾಯಿ. ಗಿಡ್ಡ ಕೂದಲು, ಒಣ ಮೈ, ಬಿಸಿಲಿಗೆ ಜಗ್ಗೋದಿಲ್ಲ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿ ಬಂತು, 2016ರಲ್ಲಿ ಸೈನ್ಯದವರು ತರಬೇತಿಗೆ ಅಂತ ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಮನಸ್ಸು ಬಹಳ ಅತ್ತ ಎಳೆದಿತ್ತು. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯೋ ನಾಯಿ. ದೂರದಲ್ಲಿ ಮೊಲ ಅಲ್ಲಾಡಿದ್ದು ಕಂಡರೆ ಬಾಣದ ಹಾಗೆ ಹೋಗಬೇಕು, ಅದಕ್ಕೇ ಆ ಉದ್ದ ಕಾಲು, ಆ ಆಳದ ಎದೆ. ಅದಕ್ಕೆ ಹೊಲ ಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿಹಾಕಿದರೆ ಅದಕ್ಕೂ ನರಕ, ಬೀದಿಯ ಆಡು ಬೆಕ್ಕುಗಳಿಗೂ ನರಕ. ಎಷ್ಟೋ ಜನ ಬೇಟೆ ನಾಯಿಯ ಶೌರ್ಯವನ್ನು ಕಾವಲಿನ ಗುಣ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಶಾಲೆಯಲ್ಲಿ ಓದಿದ್ದೆವಲ್ಲ, ಸಾವಿರ ವರ್ಷದ ಹಿಂದೆ ಹಂದಿಯ ಜತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿ. ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಕಾಳಿಗೂ ಮನೆ ಕಾಯೋ ಕೆಲಸ ಇರಲಿಲ್ಲ, ಅದು ಬೇಟೆಯದೇ. ಮುಧೋಳ ಸಾಕಿ ಬಹಳ ಚೆನ್ನಾಗಿ ನೋಡಿಕೊಂಡವರೂ ಇದ್ದಾರೆ, ಅವರಿಗೆಲ್ಲ ದೊಡ್ಡ ಕಂಪೌಂಡು ಇದೆ, ಬೆಳಿಗ್ಗೆ ಓಡೋ ಮಕ್ಕಳಿದ್ದಾರೆ.

ಈ ಮಾತನ್ನೆಲ್ಲ ಅವ್ವನ ಮುಂದೆ ಬಿಡಿಸಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡು, ಬೇರೆಯೇ ಒಂದು ಹೇಳಿದಳು. ಅವಳು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಕುರುಬರು ಬಂದು ಅವರ ಹೊಲದಲ್ಲಿ ಕುರಿ ತರುಬುತ್ತಿದ್ದರಂತೆ, ಗೊಬ್ಬರಕ್ಕೆ. ಇವರು ಜೋಳ ಕೊಡಬೇಕು. ನೂರಾರು ಕುರಿ, ಸುತ್ತ ಬಲೆ, ಎರಡೋ ಮೂರೋ ನಾಯಿ. ನಾಯಿಗಳು ಹಗಲೆಲ್ಲ ಸತ್ತ ಹಾಗೆ ಮಲಗಿರುತ್ತಿದ್ದವು. ಇವಳು ಹತ್ತಿರ ಹೋದರೂ ಒಂದು ಕಣ್ಣು ತೆರೆದು ಮುಚ್ಚುತ್ತಿದ್ದವು ಅಷ್ಟೇ. ಅವು ತಿನ್ನೋದು ಕುರುಬರು ತಿನ್ನೋದನ್ನೇ, ಅಂಬಲಿ, ನುಚ್ಚು. ರಾತ್ರಿ ಒಮ್ಮೆ ಬೊಗಳಿದರೆ ಕುರುಬರ ಅಜ್ಜ ಕಂಬಳಿ ಕೊಡವಿ ಎದ್ದೇ ಬಿಡುತ್ತಿದ್ದ. "ನಾಯಿ ಸುಮ್ನ ಕರಿಯಂಗಿಲ್ಲ ಅಂತಿದ್ದ ಅಜ್ಜ. ಅದು ಕರೆದಾಗ ನಾ ಏಳದಿದ್ರ ಮುಂದಿನ ಸಲ ಅದು ಯಾಕ ಕರೀಬೇಕು?" ತೋಳದ ಕಾಲ ಅದು. ಈಗಲೂ ಗಂಗಾವತಿಯ ಬಂಕಾಪುರದ ಕಡೆ ತೋಳಗಳಿವೆ, ಅಲ್ಲಿ ತೋಳಧಾಮ ಮಾಡಿದ್ದಾರೆ.

ಅವ್ವನಿಗೆ ನಾಯಿ ಅಂದರೆ ಮೈಲಾರಲಿಂಗನ ಪರಿವಾರ. ಭರತ ಹುಣ್ಣಿಮೆ ಜಾತ್ರೆಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದಳು. ಕರಿ ಕಂಬಳಿಯ ಗೊರವಪ್ಪಗಳು ದೋಣಿ ಅನ್ನೋ ಪಾತ್ರೆಗೆ ಹಾಲು, ಬಾಳೆಹಣ್ಣು ಹಾಕಿಸಿಕೊಂಡು, ನೆಲಕ್ಕೆ ಬಾಗಿ, ಬೌ ಬೌ ಅಂತ ಬೊಗಳುತ್ತ ಬಾಯಿಂದಲೇ ತಿನ್ನುತ್ತಿದ್ದರು. ನಾನು ಹೆದರಿ ಅಳುತ್ತಿದ್ದೆನಂತೆ. ದೊಡ್ಡ ಮೀಸೆಯ ಗಂಡಸರು ದೇವರ ಮುಂದೆ ನಾಯಿ ಆಗೋದು ನನಗೆ ಇವತ್ತಿಗೂ ಪೂರ್ತಿ ಅರ್ಥ ಆಗಿಲ್ಲ. ಆದರೆ ಬೈಯೋದಕ್ಕೂ ನಾಯಿ, ಭಕ್ತಿಗೂ ನಾಯಿ, ಇದು ನಮ್ಮ ಕಡೆಯವರಿಗೇ ಸಾಧ್ಯ.

ಸಿರುಗುಪ್ಪದ ರೈಸ್ ಮಿಲ್ಲು

ಡಾಕ್ಟರ್ ಮೂರು ಮಾತು ಹೇಳಿ ಕಳಿಸಿದ್ದರು. ಮಧ್ಯಮ ಗಾತ್ರದ್ದು, ಗಿಡ್ಡ ಕೂದಲಿಂದು, ಸಾಧ್ಯವಾದರೆ ಹೆಣ್ಣು ಮರಿ. ಎರಡು ತಿಂಗಳು ತುಂಬೋ ಮೊದಲು ತಾಯಿಯಿಂದ ಬಿಡಿಸಿದ್ದನ್ನು ತಗೋಬೇಡಿ, ಒಡಹುಟ್ಟಿದವುಗಳ ಜತೆ ಕಚ್ಚಾಡಿ ಬೆಳೆಯದಿದ್ದರೆ ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನೋದೇ ಅದಕ್ಕೆ ತಿಳಿಯೋದಿಲ್ಲ. ಮರಿ ನೋಡಬೇಡಿ, ಮರಿಯ ತಾಯಿ ನೋಡಿ. ಈ ಮೂರನೇ ಮಾತು ಹಿಡಿದು ಹೊರಟರೆ ಅರ್ಧ ಜನ ಮಾರುವವರು ಫೋನೇ ಎತ್ತಲಿಲ್ಲ. ಒಬ್ಬ ತಾಯಿ ಬೆಂಗಳೂರಲ್ಲಿ ಐತಿ ಅಂದ. ಒಬ್ಬ 45 ದಿನದ ಮರಿ ಅಂತ ತೋರಿಸಿದ್ದಕ್ಕೆ ಹಲ್ಲೇ ಸರಿಯಾಗಿ ಬಂದಿರಲಿಲ್ಲ.

ಕೊನೆಗೆ ಹೆಂಡತಿಯ ಸಹೋದ್ಯೋಗಿಯೊಬ್ಬರು ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮರಿಗಳಿವೆ ಅಂದರು. ಭಾನುವಾರ ಅವ್ವನನ್ನೂ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಭತ್ತದ ಗದ್ದೆ. ಗೇಟಿನ ಹತ್ತಿರ ಇಳಿದದ್ದೇ ತಡ, ಹೊಟ್ಟಿನ ರಾಶಿಯ ಹಿಂದಿನಿಂದ ಒಂದು ಕೆಂಚು ನಾಯಿ ಬಂತು. ಡಾಬರ್‌ಮನ್ನಿನ ಎದೆ, ಬೀದಿ ನಾಯಿಯ ಬಾಲ. ಓಡಿ ಬರಲಿಲ್ಲ, ನಡೆದುಕೊಂಡೇ ಬಂತು. ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಬೊಗಳಿತು. ಎದೆಯೊಳಗಿಂದ ಬರೋ ಗಟ್ಟಿ ದನಿ, ಒಂದೊಂದೇ, ನಡುನಡುವೆ ಹಿಂದಿರುಗಿ ವಾಚ್‌ಮನ್ ಕೋಣೆಯ ಕಡೆ ನೋಡುತ್ತಿತ್ತು. ವಾಚ್‌ಮನ್ ಅಜ್ಜ ಬೀಡಿ ಆರಿಸಿ ಬಂದು, ನಮ್ಮನ್ನು ನೋಡಿ, "ಸಾಕು ಬಿಡವ್ವ" ಅಂದ. ಅಷ್ಟೇ. ನಾಯಿ ಬಾಯಿ ಮುಚ್ಚಿತು. ಅಲ್ಲೇ ಹೊಟ್ಟಿನ ಮೇಲೆ ಮಲಗಿ, ನಾವು ಇರೋ ತನಕ ಒಂದು ಕಿವಿ ನಮ್ಮ ಕಡೆಗೇ ಇಟ್ಟಿತ್ತು. ಬೊಗಳೋದು ಎಲ್ಲ ನಾಯಿಗೂ ಬರುತ್ತದೆ. ನಿಲ್ಲಿಸೋದು ಬಂದಿದ್ದನ್ನು ನಾನು ಅವತ್ತೇ ನೋಡಿದ್ದು. ಎಷ್ಟು ಕೊಡಬೇಕು ಅಂದರೆ ಅಜ್ಜ ನಕ್ಕ. "ಅಪ್ಪ ಯಾರು ಅಂತ ಕೇಳಬ್ಯಾಡ್ರಿ, ರೊಕ್ಕ ನಾ ಕೇಳಂಗಿಲ್ಲ. ಹೊಟ್ಟೆಗೆ ಹಾಕ್ರಿ ಸಾಕು." ಅವ್ವ ಒಂದು ಸೀರೆ ಕೊಟ್ಟಳು, ಅಜ್ಜನ ಹೆಂಡತಿಗೆ. ಅಡಿಕೆ ಎಲೆ ಇಟ್ಟು, ಮದುವೆ ಮನೆಯಲ್ಲಿ ಕೊಟ್ಟ ಹಾಗೆ.

ಮಗಳು ಬೆಲ್ಲಾ ಅಂತ ಹೆಸರಿಡೋಣ ಅಂದಳು. ಅವ್ವ ದಾರಿಯಲ್ಲೇ ಕೆಂಚಿ ಅಂತ ಕರೆದುಬಿಟ್ಟಿದ್ದಳು. ಅನ್ನ ಹಾಕೋರು ಕರೆದದ್ದೇ ಹೆಸರು.

ಮೊದಲ ಎರಡು ತಿಂಗಳು ಕಾವಲು ಅನ್ನೋದು ಸೊನ್ನೆ. ಕೆಂಚಿ ನಾಲ್ಕು ಚಪ್ಪಲಿ, ಒಂದು ಸೊಪ್ಪಿನ ಬುಟ್ಟಿ, ಮಗಳ ಸಮಾಜ ವಿಜ್ಞಾನದ ಅರ್ಧ ಪುಸ್ತಕ ತಿಂದಿತು. ಪಾರ್ವೋ ಅನ್ನೋ ರೋಗಕ್ಕೆ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಉಣ್ಣಿಗೆ ಔಷಧಿ. ಬ್ರೀಡು ಯಾವುದಾದರೂ ಈ ಖರ್ಚು ತಪ್ಪೋದಿಲ್ಲ, ಅದನ್ನು ಯಾರೂ ಮೊದಲು ಹೇಳೋದೂ ಇಲ್ಲ. ನಾನು ಅಂಗಡಿಯಿಂದ ಪೆಡಿಗ್ರಿ ಅನ್ನೋ ನಾಯಿ ತಿನಿಸು ತಂದೆ. ಅವ್ವ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕಿದಳು, ಜತೆಗೆ ಮೊಟ್ಟೆ. ಮಟನ್ ಸಾರನ್ನೂ ಹಾಕುತ್ತಿದ್ದಳು. ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ ಇದ್ದ ಹಾಗೆ ಅಂತ ಡಾಕ್ಟರ್ ಹೇಳಿದ ಮೇಲೆ ಅದರ ಪಾಲಿನ ನಾಲ್ಕು ತುಂಡು ಮೊದಲೇ ಬೇರೆ ಬೇಯಿಸಿ ತೆಗೆದಿಡುತ್ತಾಳೆ. ಸರಪಳಿ ಕೊಂಡು ತಂದಿದ್ದೆ, ಇನ್ನೂ ಮೊಳೆಗೆ ನೇತಾಡುತ್ತಿದೆ. ಹಗಲು ಅವ್ವ ಎಲ್ಲಿ ಕೂತರೆ ಕೆಂಚಿ ಅಲ್ಲಿ. ಮಧ್ಯಾಹ್ನ ಇಬ್ಬರೂ ಬಾಗಿಲ ಹತ್ತಿರ, ಗಾಳಿ ಬರೋ ಕಡೆ, ಒಂದೇ ಚಾಪೆಯ ಮೇಲೆ ನಿದ್ದೆ. ಗ್ಯಾಸಿನವನು ಬಂದರೆ ಅವ್ವ "ನಮ್ಮವ್ರು" ಅಂತಾಳೆ, ಅದು ಮೂಸಿ ಸುಮ್ಮನಾಗುತ್ತದೆ. ರಾತ್ರಿ ಒಮ್ಮೆ ಬೊಗಳಿದರೆ ಅವ್ವ ಎದ್ದೇಳುತ್ತಾಳೆ, ಮಂಡಿ ನೋವಿದ್ದರೂ. ಕಿಟಕಿಯಿಂದ ನೋಡಿ, ಹಂದಿ ಆದರೆ "ಹಂದಿ, ಬಿಡು" ಅಂತ ಅದಕ್ಕೆ ಹೇಳಿ ಮಲಗುತ್ತಾಳೆ. ಮೊದಮೊದಲು ನನಗೆ ನಗು ಬರುತ್ತಿತ್ತು.

ಹೋದ ತಿಂಗಳು ಸಿ ಶಿಫ್ಟಿಗೆ ಅಂತ ಹೊರಟವನು ಜ್ವರ ಬಂದು ಅರ್ಧ ರಾತ್ರಿಗೆ ವಾಪಸ್ ಬಂದೆ. ಮನೆಗೆ ಫೋನು ಮಾಡಿ ನಿದ್ದೆ ಕೆಡಿಸೋದು ಬೇಡ ಅನ್ನಿಸಿತು. ಗೆಳೆಯ ಬೈಕಿನಲ್ಲಿ ಲೇಔಟಿನ ತಿರುವಿಗೆ ಬಿಟ್ಟು ಹೋದ. ಬೀದಿಯಲ್ಲಿ ಕರೆಂಟಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಚಳಿಗೆ ನಡುಗುತ್ತ, ಸದ್ದಾಗದ ಹಾಗೆ ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಕತ್ತಲಿನಿಂದ ಆ ದನಿ ಬಂತು. ಸಿರುಗುಪ್ಪದ ಹೊಟ್ಟಿನ ರಾಶಿಯ ಹತ್ತಿರ ಕೇಳಿದ ಅದೇ ದನಿ, ಎದೆಯೊಳಗಿಂದ, ಒಂದೊಂದೇ. "ಏ ಕೆಂಚಿ, ನಾನೇ" ಅಂದೆ. ಜ್ವರಕ್ಕೆ ನನ್ನ ದನಿ ನನಗೇ ಗುರುತು ಸಿಗುವ ಹಾಗಿರಲಿಲ್ಲ. ಅದು ಹಿಂದಿರುಗಿ ಬಾಗಿಲ ಕಡೆ ನೋಡಿತು, ಮತ್ತೆ ಬೊಗಳಿತು. ಒಳಗೆ ಚಾಪೆ ಸರಿದ ಸದ್ದು. ಮೂರು ಮನೆ ಆಚೆ ಯಾರದೋ ಕಿಟಕಿ ತೆರೆಯಿತು, ಟಾರ್ಚಿನ ಬೆಳಕು ನೇರ ನನ್ನ ಮುಖಕ್ಕೆ.

"ಯಾರದು?" ಒಳಗಿನಿಂದ ಅವ್ವ ಕೇಳಿದಳು. ಬಾಗಿಲು ತೆಗೆಯಲಿಲ್ಲ.

"ನಾನವ್ವಾ."

"ನಾನು ಅಂದ್ರ ಯಾರು?"